ಊರಿಗೆ ಹೋದರೆ ಉಳಿಯುವುದೆಲ್ಲಿ? ರಜೆಯ ಸೀಸನ್‌ನಲ್ಲಿ ಕೈಗೆಟಕುವ ವಸತಿಯ ಹುಡುಕಾಟ

ಮುಂಬಯಿ: ಮೇ ತಿಂಗಳ ರಜೆ ಎಂದರೆ ಮುಂಬಯಿಯ ತುಳು-ಕನ್ನಡಿಗರಿಗೆ ಊರಿನ ನೆನಪು. ದೈವದ ನೇಮ, ನಾಗನಿಗೆ ತಂಬಿಲ, ತಂಗಿಯ ಮಗಳ ಮದುವೆ, ಮಕ್ಕಳ ಹೆಸರಿನಲ್ಲಿ ಹೇಳಿಕೊಂಡ ಹರಕೆ ಎಲ್ಲವೂ ಈ ಒಂದೂವರೆ ತಿಂಗಳಿಗಾಗಿಯೇ ಕಾದು ಕುಳಿತಿರುತ್ತವೆ. ರೈಲು ಟಿಕೆಟ್ ಸಿಕ್ಕಿದರೆ ಅರ್ಧ ಊರು ಮುಟ್ಟಿದಂತೆ ಎನ್ನುವ ಕಾಲವೊಂದಿತ್ತು. ಊರಿನಲ್ಲಿ ಹಿರಿಯರ ಮನೆಯಿತ್ತು, ಚಾವಡಿಯಲ್ಲಿ ಚಾಪೆ ಹಾಸಿದರೆ ಇಪ್ಪತ್ತು ಮಂದಿ ಮಲಗಬಹುದಿತ್ತು. ಈಗ ಆ ಮನೆಗಳಲ್ಲಿ ಹಲವು ಪಾಲಾಗಿವೆ, ಕೆಲವು ಮಾರಾಟವಾಗಿವೆ, ಇನ್ನು ಕೆಲವಕ್ಕೆ ಬೀಗ ಬಿದ್ದಿದೆ. ಹುಟ್ಟಿದ ಊರಿಗೆ ಹೋಗಿ ಲಾಡ್ಜ್ ಹುಡುಕುವ ಪರಿಸ್ಥಿತಿ ನಮ್ಮ ಅನೇಕ ಕುಟುಂಬಗಳದ್ದು.

ಡೊಂಬಿವಲಿಯಿಂದ ಹೊರಟ ಆರು ಮಂದಿಯ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಿ. ಎಂಬತ್ತರ ಅಜ್ಜಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಎರಡು ಕೋಣೆ, ನಾಲ್ಕು ರಾತ್ರಿ. ಒಂದು ಕೋಣೆಗೆ ದಿನಕ್ಕೆ ಐನೂರು ರೂಪಾಯಿ ಹೆಚ್ಚಾದರೂ ಒಟ್ಟು ನಾಲ್ಕು ಸಾವಿರ ಹೆಚ್ಚುವರಿ ಹೊರೆ. ಸಂಬಳವನ್ನೇ ನಂಬಿದವರಿಗೆ ಇದು ಸಣ್ಣ ಮೊತ್ತವಲ್ಲ. ಅಜ್ಜಿಯನ್ನು ಈ ವರ್ಷ ಬಿಟ್ಟು ಹೋಗೋಣವೇ ಎಂಬ ಮಾತು ಮನೆಯಲ್ಲಿ ಏಳುವುದು ಇಂತಹ ಲೆಕ್ಕದಿಂದಲೇ.

ದರ ಏರುವುದು ಏಕೆ?

ಏಪ್ರಿಲ್-ಮೇ ತಿಂಗಳಲ್ಲಿ ಕರಾವಳಿಗೆ ಮೂರು ಗುಂಪುಗಳು ಒಟ್ಟಿಗೆ ಬಂದಿಳಿಯುತ್ತವೆ. ಮುಂಬಯಿ, ಪುಣೆಯಿಂದ ಊರಿಗೆ ಬರುವವರು ಒಂದು ಕಡೆ, ಕರ್ನಾಟಕದೊಳಗಿನ ಬೇಸಗೆ ರಜೆಯ ಪ್ರವಾಸಿಗರು ಇನ್ನೊಂದು ಕಡೆ, ಮದುವೆಯ ದಿಬ್ಬಣದವರು ಮತ್ತೊಂದು ಕಡೆ. ಒಳ್ಳೆಯ ಮುಹೂರ್ತವಿರುವ ದಿನ ಉಡುಪಿ, ಮಂಗಳೂರಿನ ಲಾಡ್ಜ್‌ಗಳ ಕೋಣೆಗಳನ್ನು ಮದುವೆಯವರೇ ಸಾಲಾಗಿ ಹಿಡಿದಿರುತ್ತಾರೆ. ಆದ್ದರಿಂದ ಹೊರಡುವ ಮೊದಲು ಕ್ಯಾಲೆಂಡರಿನ ಜತೆಗೆ ಪಂಚಾಂಗವನ್ನೂ ನೋಡುವುದು ಒಳಿತು. ಮುಹೂರ್ತವಿಲ್ಲದ ವಾರದ ನಡುವಿನ ದಿನಗಳಲ್ಲಿ ಅದೇ ಕೋಣೆ ಕಡಿಮೆ ದರಕ್ಕೆ ಸಿಗುವ ಸಾಧ್ಯತೆ ಹೆಚ್ಚು.

ಮಹಾರಾಷ್ಟ್ರದವರಿಗೆ ಇನ್ನೊಂದು ಅನುಕೂಲವಿದೆ. ಕರ್ನಾಟಕದ ಶಾಲೆಗಳು ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್ ಆರಂಭದಲ್ಲೇ ತೆರೆಯುತ್ತವೆ. ಮಹಾರಾಷ್ಟ್ರದ ರಾಜ್ಯ ಮಂಡಳಿಯ ಶಾಲೆಗಳು ತೆರೆಯುವುದು ಜೂನ್ ಮಧ್ಯದಲ್ಲಿ. ಈ ನಡುವಿನ ಹತ್ತು-ಹನ್ನೆರಡು ದಿನಗಳಲ್ಲಿ ಕ್ಷೇತ್ರಗಳಲ್ಲಿ ಜನಸಂದಣಿ ಇಳಿಯುತ್ತದೆ. ಮಳೆ ಶುರುವಾಗಬಹುದು, ಕೊಡೆ ಹಿಡಿಯಬೇಕಾದೀತು. ಹರಕೆ ಸಲ್ಲಿಸಲು ಹೋಗುವವರಿಗೆ ಅದೇನೂ ದೊಡ್ಡ ಅಡ್ಡಿಯಲ್ಲ.

ಮೊದಲು ಕೋಣೆಯೋ, ಟಿಕೆಟೋ?

ರೈಲ್ವೆಯ ಮುಂಗಡ ಕಾದಿರಿಸುವಿಕೆಯ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಅಂದರೆ ಮೇ 10ರ ಪ್ರಯಾಣಕ್ಕೆ ಟಿಕೆಟ್ ತೆರೆಯುವುದು ಮಾರ್ಚ್ 11ರಂದು. ಟಿಕೆಟ್ ಖಚಿತವಾದ ಮೇಲೆ ಕೋಣೆ ನೋಡೋಣ ಎಂದು ಕುಳಿತರೆ ಅಷ್ಟರಲ್ಲಿ ಅಗ್ಗದ ಕೋಣೆಗಳು ಮುಗಿದಿರುತ್ತವೆ. ರದ್ದುಮಾಡಿದರೆ ಹಣ ವಾಪಸು ಸಿಗುವ ಕೋಣೆಯನ್ನು ಮೊದಲೇ ಹಿಡಿದಿಟ್ಟು, ಆಮೇಲೆ ಟಿಕೆಟ್ ಮಾಡುವುದು ಜಾಣತನ. ಯಾವ ದಿನಾಂಕದೊಳಗೆ ರದ್ದುಮಾಡಬೇಕು ಎಂಬುದನ್ನು ಮಾತ್ರ ಬರೆದಿಟ್ಟುಕೊಳ್ಳಬೇಕು.

ಮಧ್ಯಾಹ್ನ ಮುಂಬಯಿಯಿಂದ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮರುದಿನ ಬೆಳಗ್ಗೆ ಉಡುಪಿ ಮುಟ್ಟುತ್ತದೆ. ಆದರೆ ಅನೇಕ ಹೋಟೆಲ್‌ಗಳಲ್ಲಿ ಕೋಣೆಯ ಲೆಕ್ಕ ಶುರುವಾಗುವುದು ಮಧ್ಯಾಹ್ನ 12ಕ್ಕೆ. ಬೆಳಗ್ಗೆಯೇ ಕೋಣೆ ಬೇಕೆಂದರೆ ಹೆಚ್ಚುವರಿ ಹಣ ಕೇಳುವುದುಂಟು. ಫೋನ್ ಮಾಡುವಾಗಲೇ 24 ಗಂಟೆಯ ಲೆಕ್ಕವೋ, 12 ಗಂಟೆಯ ಚೆಕ್ ಔಟೋ ಎಂದು ಕೇಳಿಕೊಳ್ಳಬೇಕು. 24 ಗಂಟೆಯ ಲೆಕ್ಕದ ಲಾಡ್ಜ್ ಸಿಕ್ಕಿದರೆ ರೈಲಿನಲ್ಲಿ ಬರುವವರಿಗೆ ಒಂದು ದಿನದ ಬಾಡಿಗೆಯೇ ಉಳಿದೀತು. ರೈಲು ನಿಲ್ದಾಣದ ವಿಶ್ರಾಂತಿ ಕೋಣೆಗಳನ್ನೂ ಮರೆಯಬಾರದು. ಖಚಿತ ಅಥವಾ ಆರ್‌ಎಸಿ ಟಿಕೆಟ್ ಇದ್ದವರು ಇವುಗಳನ್ನು, ಇರುವ ನಿಲ್ದಾಣಗಳಲ್ಲಿ, ಐಆರ್‌ಸಿಟಿಸಿ ಮೂಲಕ ಕಾದಿರಿಸಬಹುದು.

ಕ್ಷೇತ್ರಗಳ ವಸತಿಗೃಹ

ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯ, ಕೊಲ್ಲೂರು, ಉಡುಪಿಯಲ್ಲಿ ದೇವಳ ಹಾಗೂ ಮಠಗಳ ವಸತಿಗೃಹಗಳಿದ್ದು, ಖಾಸಗಿ ಹೋಟೆಲ್‌ಗಳಿಗಿಂತ ಇವುಗಳ ದರ ಕಡಿಮೆ. ಆದರೆ ಇಲ್ಲಿಯ ಕ್ರಮಗಳು ಬೇರೆ. ಕೆಲವೆಡೆ ಒಬ್ಬರೇ ಬಂದರೆ ಕೋಣೆ ಕೊಡುವುದಿಲ್ಲ, ಉಳಿಯುವ ಅವಧಿಗೂ ಮಿತಿಯಿರುತ್ತದೆ. ಹಿರಿಯರೆಲ್ಲರ ಆಧಾರ್ ಕಾರ್ಡ್ ಜತೆಗಿರಲಿ. ಕುಕ್ಕೆಯಲ್ಲಿ ಆಶ್ಲೇಷಾ ನಕ್ಷತ್ರದ ದಿನ, ಕೊಲ್ಲೂರಿನಲ್ಲಿ ನವರಾತ್ರಿಯ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟವೇ.

ಅಂತಹ ದಿನಗಳಲ್ಲಿ ಕ್ಷೇತ್ರದಲ್ಲೇ ಉಳಿಯಬೇಕೆಂಬ ಹಟ ಬಿಡಬೇಕು. ಧರ್ಮಸ್ಥಳಕ್ಕೆ ಹೋಗುವವರು ಉಜಿರೆ ಅಥವಾ ಬೆಳ್ತಂಗಡಿಯಲ್ಲಿ, ಕೊಲ್ಲೂರಿಗೆ ಹೋಗುವವರು ಬೈಂದೂರು ಅಥವಾ ಕುಂದಾಪುರದಲ್ಲಿ ಉಳಿದು ಬೆಳಗ್ಗಿನ ಬಸ್ಸಿನಲ್ಲಿ ಹೋಗಿ ಬರಬಹುದು. ಮೈಸೂರು ದಸರೆಗೂ ಇದೇ ಉಪಾಯ. ಜಂಬೂಸವಾರಿಯ ದಿನ ಮೈಸೂರಿನಲ್ಲಿ ಕೋಣೆ ದುಬಾರಿಯಾದಾಗ ಶ್ರೀರಂಗಪಟ್ಟಣ, ಮಂಡ್ಯ, ನಂಜನಗೂಡುಗಳಲ್ಲಿ ವಿಚಾರಿಸಬೇಕು. ಮೂರಕ್ಕೂ ಮೈಸೂರಿನಿಂದ ರೈಲು ಸಂಪರ್ಕವಿದೆ. ರಾತ್ರಿ ಮರಳುವ ಕೊನೆಯ ರೈಲು, ಬಸ್ಸಿನ ಸಮಯವನ್ನು ಮೊದಲೇ ತಿಳಿದುಕೊಂಡಿರಬೇಕು ಅಷ್ಟೇ.

ಬಿಲ್ಲು ನೋಡಿ ಹಣ ಕೊಡಿ

ದಿನಕ್ಕೆ 7,500 ರೂ.ವರೆಗಿನ ಕೋಣೆಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ. 1,500 ರೂ. ಕೋಣೆಗೆ ಮೂರು ದಿನಕ್ಕೆ ತೆರಿಗೆ 225 ರೂ. ಮಾತ್ರ. ಫೋನಿನಲ್ಲಿ ಹೇಳಿದ ದರ ತೆರಿಗೆ ಸೇರಿಯೋ, ಹೊರತೋ, ಹೆಚ್ಚುವರಿ ಹಾಸಿಗೆಗೆ ಎಷ್ಟು ಎಂಬುದನ್ನು ಕೇಳಿ, ವಾಟ್ಸಾಪ್‌ನಲ್ಲಿ ಬರೆಸಿಕೊಂಡರೆ ಕೌಂಟರ್ ಮುಂದೆ ಜಗಳವಾಡುವ ಪ್ರಮೇಯ ಬರುವುದಿಲ್ಲ.

ಸೀಸನ್‌ನಲ್ಲಿ ಕೋಣೆಗಿಂತ ಸುಲಭವಾಗಿ ಸಿಗುವವರು ಮೋಸಗಾರರು. ಕ್ಷೇತ್ರಗಳ ವಸತಿಗೃಹದ ಹೆಸರಿನಲ್ಲಿ ನಕಲಿ ಜಾಲತಾಣ ತೆರೆದು, ಮುಂಗಡ ಹಣ ಪಡೆದು ಮಾಯವಾಗುವ ಜಾಲದ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ವಿಭಾಗವು 2025ರ ಏಪ್ರಿಲ್‌ನಲ್ಲಿ ಯಾತ್ರಿಕರನ್ನು ಎಚ್ಚರಿಸಿತ್ತು. ಹುಡುಕಾಟದಲ್ಲಿ ಮೊದಲು ಕಂಡ ನಂಬರಿಗೆ ಹಣ ಕಳುಹಿಸದೆ, ದೇವಳದ ಕಚೇರಿಯಿಂದಲೇ ಖಚಿತಪಡಿಸಿಕೊಳ್ಳಬೇಕು. ದೇವಳದ ಕೋಣೆಯ ಹಣವನ್ನು ಯಾರದೋ ಖಾಸಗಿ ಹೆಸರಿನ ಖಾತೆಗೆ ಕೇಳಿದರೆ ಅಲ್ಲಿಯೇ ನಿಲ್ಲಿಸಬೇಕು. ಹಣ ಹೋಗಿಯೇ ಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಸಂಘಗಳು ಮನಸ್ಸು ಮಾಡಿದರೆ

ಮುಂಬಯಿಯ ಕನ್ನಡ ಸಂಘಗಳು, ಜಾತೀಯ ಸಂಘಟನೆಗಳು ವಿದ್ಯಾರ್ಥಿವೇತನ, ವೈದ್ಯಕೀಯ ನೆರವಿನಲ್ಲಿ ಹೆಸರು ಮಾಡಿವೆ. ಊರಿನ ವಸತಿಯ ವಿಷಯದಲ್ಲಿಯೂ ಅವು ಹೆಚ್ಚು ಖರ್ಚಿಲ್ಲದೆ ನೆರವಾಗಬಹುದು. ಸದಸ್ಯರು ಉಳಿದು ಬಂದು ಒಳ್ಳೆಯದೆಂದು ಹೇಳಿದ ಲಾಡ್ಜ್‌ಗಳ ಪಟ್ಟಿಯೊಂದನ್ನು ದರ, ಲಿಫ್ಟ್, ನೆಲ ಅಂತಸ್ತಿನ ಕೋಣೆಯ ವಿವರದೊಂದಿಗೆ ಕಚೇರಿಯಲ್ಲಿ ಇಡಬಹುದು. ಒಂದೇ ವಾರದಲ್ಲಿ ಊರಿಗೆ ಹೊರಡುವ ನಾಲ್ಕಾರು ಕುಟುಂಬಗಳು ಸೇರಿ ಹತ್ತು ಕೋಣೆ ಕೇಳಿದರೆ ಮಾಲಕರು ದರ ಇಳಿಸಿಯಾರು. ಉಡುಪಿ, ಮಂಗಳೂರು, ಮೂಲ್ಕಿಯಲ್ಲಿ ಫ್ಲ್ಯಾಟ್ ಕೊಂಡು ವರ್ಷದ ಹತ್ತು ತಿಂಗಳು ಬೀಗ ಹಾಕಿಡುವ ಸದಸ್ಯರೂ ನಮ್ಮಲ್ಲಿದ್ದಾರೆ. ಪರಿಚಯದವರಿಗೆ ನಾಲ್ಕು ದಿನ ನ್ಯಾಯವಾದ ದರಕ್ಕೆ ಕೊಟ್ಟರೆ ಮನೆಗೂ ಗಾಳಿ ಬೆಳಕು, ಸೊಸೈಟಿಯ ಖರ್ಚಿಗೂ ಆಧಾರ. ಸೊಸೈಟಿಯ ಒಪ್ಪಿಗೆ ಮಾತ್ರ ಮೊದಲೇ ಇರಬೇಕು.

ಊರಿನ ನಂಟು ಉಳಿಯುವುದು ಮಕ್ಕಳು ಊರನ್ನು ಕಂಡಾಗ. ಹಿರಿಯರ ಮನೆ ಇಲ್ಲವಾದರೂ ದೈವದ ಮುಂದೆ ಅಜ್ಜಿಯ ಕೈಹಿಡಿದು ನಿಂತ ನೆನಪು ಅವರಿಗೆ ಬೇಕು. ಕೋಣೆಯ ಬಾಡಿಗೆಯ ಕಾರಣಕ್ಕೆ ಅಜ್ಜಿ ಡೊಂಬಿವಲಿಯಲ್ಲೇ ಉಳಿಯುವಂತಾಗಬಾರದು. ಮುಂದಿನ ರಜೆಯ ಸಿದ್ಧತೆಯನ್ನು ಸದಸ್ಯರು ಇಂದೇ ಆರಂಭಿಸಿದರೆ ಅದು ಅಸಾಧ್ಯವೇನಲ್ಲ.