ಹೆಸರು ಕೊಲ್ಹಾಪುರದ್ದು, ಬೆವರು ನಮ್ಮದೂ

ಬಾಗಲಕೋಟೆಯ ನವನಗರದ ಯಾವ ಸೆಕ್ಟರಿಗೆ ಹೋದರೂ ಮನೆಯ ಮೆಟ್ಟಿಲ ಬಳಿ ಬಿಟ್ಟ ಚಪ್ಪಲಿಗಳನ್ನು ನೋಡಿದರೆ ಆ ಮನೆಯವರ ದಿನಚರಿ ಅರ್ಧ ತಿಳಿದುಹೋಗುತ್ತದೆ. ಹಾಲು ತರಲಿಕ್ಕೆ, ಕಾಯಿಪಲ್ಲೆ ಸಂತೆಗೆ, ಹಿತ್ತಲಿಗೆ ಹವಾಯಿ ಚಪ್ಪಲಿ. ಮಳೆಗಾಲಕ್ಕೆ ಪ್ಲಾಸ್ಟಿಕ್ಕಿನ ಜೋಡು. ಹಿರಿಯರಿದ್ದ ಮನೆಯಾದರೆ ಒಂದು ಬದಿಗೆ ದಪ್ಪ ಅಟ್ಟೆಯ, ಮೆಟ್ಟಿ ಮೆಟ್ಟಿ ಬಣ್ಣ ಮಾಗಿದ ತೊಗಲಿನ ಚಪ್ಪಲಿ. ಅದಕ್ಕೆ ಎಲ್ಲರೂ ಅನ್ನುವುದು ಕೊಲ್ಹಾಪುರಿ ಎಂದೇ.

ಆ ಹೆಸರಿನ ಮೇಲೆ ಬಾಗಲಕೋಟೆ ಜಿಲ್ಲೆಗೂ ಕಾನೂನಿನ ಹಕ್ಕಿದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿ, ಅಂದರೆ ಜಿಐ ಮಾನ್ಯತೆ ಬಂದಾಗ ಅದು ಎಂಟು ಜಿಲ್ಲೆಗಳಿಗೆ ಒಟ್ಟಾಗಿ ಬಂತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಕರ್ನಾಟಕದ ಬೆಳಗಾವಿ, ಧಾರವಾಡ, ವಿಜಯಪುರ ಮತ್ತು ಬಾಗಲಕೋಟೆ. ಈ ಎಂಟು ಜಿಲ್ಲೆಗಳ ಹೊರಗೆ ತಯಾರಾದ ಚಪ್ಪಲಿಯನ್ನು ಕೊಲ್ಹಾಪುರಿ ಎಂದು ಮಾರುವಂತಿಲ್ಲ. ಇಳಕಲ್ ಸೀರೆಗೂ ಇಂಥದೇ ಮಾನ್ಯತೆ ಇದೆ. ಅದನ್ನು ಬೀಗರ ಮುಂದೆ, ನೆಂಟರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಚಪ್ಪಲಿಯ ಮಾತು ಬಂದಾಗ ಆ ಹೆಮ್ಮೆ ಬಾಯಿಗೆ ಬರುವುದಿಲ್ಲ.

ಗಡಿಗಿಂತ ಹಳೆಯ ಕಸುಬು

ನಮ್ಮ ಜಿಲ್ಲೆಯ ಚಪ್ಪಲಿಗೆ ಮತ್ತೊಂದು ಊರಿನ ಹೆಸರು ಅಂಟಿದ್ದಕ್ಕೆ ಇತಿಹಾಸದ ಕಾರಣವಿದೆ. 1956ರ ನವೆಂಬರ್ 1ಕ್ಕೆ ಮೊದಲು ಈ ಭಾಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. ಅದಕ್ಕೂ ಹಿಂದೆ ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ಕೊಲ್ಹಾಪುರದಲ್ಲಿ ಛತ್ರಪತಿಗಳು ಆಳುತ್ತಿದ್ದರು. ಕೃಷ್ಣೆಯ ಎರಡೂ ದಂಡೆಯ ಸಮಗಾರ, ಢೋರ ಕುಟುಂಬಗಳಿಗೆ ಬೀಗತನ, ವ್ಯಾಪಾರ, ದೊಡ್ಡ ಪೇಟೆ ಎಲ್ಲ ಒಂದೇ ಬಯಲಿನಲ್ಲಿದ್ದವು. 1894ರಿಂದ 1922ರವರೆಗೆ ಕೊಲ್ಹಾಪುರವನ್ನು ಆಳಿದ ಶಾಹು ಮಹಾರಾಜರು ಈ ಕಸುಬಿಗೆ ಆಸರೆಯಾಗಿ ನಿಂತರು. ಅಲ್ಲಿಯ ಪೇಟೆ ಬೆಳೆಯಿತು; ಪೇಟೆಯ ಹೆಸರೇ ಸರಕಿನ ಹೆಸರಾಯಿತು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಮನೆಗಳಲ್ಲಿ ಹೊಲಿದ ಜೋಡುಗಳೂ ಕೊಲ್ಹಾಪುರದ ಅಂಗಡಿಗಳನ್ನು ಸೇರಿ ಅದೇ ಹೆಸರಿನಲ್ಲಿ ಮಾರಾಟವಾದವು.

ಜಾಲಿಯ ತೊಗಟೆ, ಜಾಲಿಯ ಮುಳ್ಳು

ಕೊಲ್ಹಾಪುರಿಯ ಕೆಲಸ ಶುರುವಾಗುವುದು ತೊಗಲಿನ ಹದದಿಂದ. ಎಮ್ಮೆಯ ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಸಡಿಲವಾದ ಮೇಲೆ ಹೆರೆದು ತೆಗೆಯುತ್ತಾರೆ. ಆಮೇಲೆ ಅದನ್ನು ಚೀಲದ ಹಾಗೆ ಹೊಲಿದು ತೂಗುಹಾಕಿ, ಒಳಗೆ ಕರಿಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಕಷಾಯ ತುಂಬುತ್ತಾರೆ. ಕಷಾಯ ಹನಿಹನಿಯಾಗಿ ಇಳಿದುಬರುತ್ತದೆ. ಇಳಿದದ್ದನ್ನು ಮತ್ತೆ ಸುರಿಯುತ್ತಾರೆ. ಹೀಗೆ ದಿನಗಟ್ಟಲೆ ನಡೆದ ಮೇಲೆ ತೊಗಲು ಕೊಳೆಯದ, ಬಿರುಸಾದ ಚರ್ಮವಾಗುತ್ತದೆ. ಇದರಲ್ಲಿ ಕ್ರೋಮಿಯಂ ಇಲ್ಲ, ಬಣ್ಣವೂ ಇಲ್ಲ. ಚಪ್ಪಲಿಯ ಜೇನುಗಂದು ತೊಗಟೆಯಿಂದಲೇ ಬಂದದ್ದು.

ನಮ್ಮ ಎರಿ ಹೊಲದ ಬದುವಿನಲ್ಲಿ ನಡೆದವರಿಗೆ ಜಾಲಿ ಮುಳ್ಳಿನ ಚುರುಕು ಗೊತ್ತು. ಹವಾಯಿ ಚಪ್ಪಲಿಯ ರಬ್ಬರನ್ನು ತೂರಿ ಅಂಗಾಲಿಗೆ ನಾಟುವ ಮುಳ್ಳು ಅದು. ಎಮ್ಮೆ ತೊಗಲಿನ ಎರಡು ಪದರದ ಅಟ್ಟೆಯನ್ನು ದಾಟುವುದು ಅದಕ್ಕೆ ಅಷ್ಟು ಸುಲಭವಲ್ಲ. ಆ ಗಿಡದ ತೊಗಟೆಯಲ್ಲೇ ಹದವಾದ ತೊಗಲು ಆ ಗಿಡದ ಮುಳ್ಳನ್ನೇ ತಡೆಯುತ್ತದೆ. ಈ ನೆಲಕ್ಕೆ ಯಾವ ಪಾದರಕ್ಷೆ ಸರಿ ಎಂಬುದನ್ನು ಈ ನೆಲದವರೇ ಶತಮಾನಗಳ ಅನುಭವದಿಂದ ಕಂಡುಕೊಂಡಿದ್ದಾರೆ.

ಹದವಾದ ಚರ್ಮವನ್ನು ರಂಪಿಗೆಯಿಂದ ಪಾದದ ಅಳತೆಗೆ ಕೊಯ್ದು, ಕಲ್ಲಿನ ಮೇಲಿಟ್ಟು ಬಡಿದು ಗಟ್ಟಿ ಮಾಡುತ್ತಾರೆ. ಮೇಲಿನ ಅಟ್ಟೆ, ಕೆಳಗಿನ ಅಟ್ಟೆಗಳ ನಡುವೆ ಎರಡು ಬದಿಯ ಕಿವಿಗಳನ್ನು ಸಿಕ್ಕಿಸಿ, ಸಣ್ಣಗೆ ಕೊಯ್ದ ತೊಗಲಿನ ದಾರದಿಂದಲೇ ಹೊಲಿಯುತ್ತಾರೆ. ಮೊಳೆಯ ಕೆಲಸವಿಲ್ಲ. ಕಿವಿಗಳಿಗೆ ಪಟ್ಟಿ ಕೂಡಿಸಿ, ಹೆಬ್ಬೆರಳಿಗೆ ಉಂಗುಷ್ಟ ಹಾಕಿದರೆ ಜೋಡಿನ ಆಕಾರ ಬಂತು. ಅಲಂಕಾರದ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ಎಳೆಎಳೆಯಾಗಿ ಕೊಯ್ದ ತೆಳು ಚರ್ಮವನ್ನು ನೀರಿನಲ್ಲಿ ನೆನೆಸಿ, ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಜಡೆ ಹೆಣೆಯುವುದು, ಪಟ್ಟಿಯ ಮೇಲೆ ಉಳಿಯಿಂದ ಸಾಲುಸಾಲಾಗಿ ತೂತು ಕೊರೆಯುವುದು, ಗೊಂಡೆ ಕಟ್ಟುವುದು. ಮನೆಗೆಲಸ ಮುಗಿಸಿ ಕೂತ ಹೆಂಗಸರ ಈ ದುಡಿಮೆಯಿಂದಲೇ ಜೋಡಿಗೆ ಅಂದ ಬರುತ್ತದೆ. ಅದಕ್ಕೆ ಸಿಗುವ ಕೂಲಿ ಮಾತ್ರ ಜೋಡಿನ ಲೆಕ್ಕದ್ದು, ಬಹಳ ಸಣ್ಣದು.

ಹರಳಯ್ಯನ ಜೋಡು

ಹುನಗುಂದ ತಾಲ್ಲೂಕಿನ ಕೂಡಲಸಂಗಮ ಬಸವಣ್ಣನವರ ಐಕ್ಯಸ್ಥಳ. ಶರಣರ ಸಾಲಿನಲ್ಲಿ ಸಮಗಾರ ಹರಳಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಇದ್ದರು. ಮೂವರೂ ತೊಗಲಿನ ಕಸುಬಿನ ಸಮುದಾಯದವರು. ಹರಳಯ್ಯ ಒಮ್ಮೆ ಶರಣು ಎಂದಾಗ ಬಸವಣ್ಣನವರು ಶರಣು ಶರಣಾರ್ಥಿ ಎಂದು ಮರುನಮಿಸಿದರಂತೆ. ಒಂದಕ್ಕೆ ಎರಡು ಶರಣು ಪಡೆದ ಋಣ ತೀರಿಸಲು ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಜೋಡು ಮಾಡಿ ತಂದರು. ಬಸವಣ್ಣನವರು ಅದನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತರು ಎಂದು ಶರಣ ಪರಂಪರೆ ಹೇಳುತ್ತದೆ. ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾಯಿತು. ಅದಕ್ಕಾಗಿ ಇಬ್ಬರು ತಂದೆಯರೂ ಪ್ರಾಣ ತೆತ್ತರು.

ಇಂಥ ನೆನಪಿರುವ ನಾಡಿನಲ್ಲೇ ಚಪ್ಪಲಿ ಮಾಡುವವರನ್ನು ಊರ ಹೊರಗೆ ಇಟ್ಟರು. ಮೇಲಿನವರ ಓಣಿ ಬಂದಾಗ ಜೋಡನ್ನು ಕೈಯಲ್ಲಿ ಹಿಡಿದು ದಾಟಬೇಕಾದ ಕಾಲವನ್ನು ಕಂಡ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಸೀರೆಯ ಹೆಮ್ಮೆ ಚಪ್ಪಲಿಗೆ ಬರದೆ ಹೋದದ್ದು ಈ ಕಾರಣಕ್ಕೆ. ಕಸುಬಿಗೆ ಅಂಟಿಸಿದ ಕೀಳುತನಕ್ಕೆ ಹೇಸಿ ಎಷ್ಟೋ ಮನೆಗಳ ಮಕ್ಕಳು ಉಳಿ, ರಂಪಿಗೆಗಳನ್ನು ಕೆಳಗಿಟ್ಟರು. ಅವರನ್ನು ತಪ್ಪು ಎನ್ನಲಾಗದು. ಕಸುಬು ಉಳಿಯಬೇಕು ಎನ್ನುವವರು ಮೊದಲು ಕಸುಬುದಾರನನ್ನು ಸಮನಾಗಿ ಕಾಣಬೇಕು.

ಹವಾಯಿ ಬಂದ ಮೇಲೆ

ಜಪಾನಿನ ಜೋರಿ ಎಂಬ ಹುಲ್ಲಿನ ಚಪ್ಪಲಿಯ ಮಾದರಿಯಲ್ಲಿ ಬಂದ ರಬ್ಬರಿನ ಹವಾಯಿ ಚಪ್ಪಲಿ ನಮ್ಮ ದಿನಬಳಕೆಯನ್ನೇ ಬದಲಿಸಿತು. ಮೊದಲು ಬಾಟಾ, ಆಮೇಲೆ 1975ರಲ್ಲಿ ಕೊಟ್ಟಾಯಂನಲ್ಲಿ ಹುಟ್ಟಿದ ಪ್ಯಾರಾಗಾನ್‌ನಂಥ ಕಂಪನಿಗಳು ಅದನ್ನು ಹಳ್ಳಿಯ ಕಿರಾಣಿ ಅಂಗಡಿಯವರೆಗೆ ಮುಟ್ಟಿಸಿದವು. ಅದರ ಉಪಕಾರ ದೊಡ್ಡದು. ಬರಿಗಾಲಲ್ಲಿ ಹೊಲಕ್ಕೆ, ಸಾಲಿಗೆ ಹೋಗುತ್ತಿದ್ದ ಸಾವಿರಾರು ಮಕ್ಕಳ ಕಾಲಿಗೆ ಮೊದಲು ಬಂದದ್ದು ಅದೇ. ಬಾರಿನ ಗುಂಡಿ ಕಿತ್ತು ಬಂದರೆ ಕೆಳಗೆ ಒಂದು ಪಿನ್ನು ಚುಚ್ಚಿ ಮತ್ತೊಂದು ತಿಂಗಳು ನಡೆಸಬಹುದು. ಬಾರು ಪೂರಾ ಹರಿದರೆ ಬೇರೆ ಬಾರು ಹಾಕಿಸಬಹುದು. ಮಳೆಗಾಲದಲ್ಲಿ ಎರಿ ಮಣ್ಣು ಮೆತ್ತಿದರೆ ನಳದ ಕೆಳಗೆ ಹಿಡಿದರೆ ಸಾಕು.

ತೊಗಲಿನ ಚಪ್ಪಲಿಗೆ ನೀರು ಆಗಿಬರುವುದಿಲ್ಲ. ಆದರೆ ಬಾಗಲಕೋಟೆಯ ಬೇಸಿಗೆಯಲ್ಲಿ, ಡಾಂಬರು ಕಾದು ರಬ್ಬರು ಮೆತ್ತಗಾಗುವ ಹೊತ್ತಿನಲ್ಲಿ, ತೊಗಟೆಯಲ್ಲಿ ಹದವಾದ ತೊಗಲು ಬೆವರು ಹೀರಿ ಅಂಗಾಲನ್ನು ತಂಪಾಗಿಡುತ್ತದೆ. ಮಳೆಗೆ ಒಂದು, ಬಿಸಿಲಿಗೆ ಒಂದು ಎಂದು ಎರಡನ್ನೂ ಇಟ್ಟುಕೊಂಡ ಹಳೆಯ ರೈತರ ಲೆಕ್ಕ ಸರಿಯಾಗಿಯೇ ಇತ್ತು.

ಮಿಲಾನ್ ಮತ್ತು ನಮ್ಮ ಪೇಟೆ

ಈ ಕಸುಬಿನ ಬೆನ್ನಿಗೆ ನಿಂತ ಸಂಸ್ಥೆಗಳೂ ಇವೆ. ಡಾ. ಬಾಬು ಜಗಜೀವನ್ ರಾಂ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮ, ಅಂದರೆ ಲಿಡ್ಕರ್, ಕುಶಲಕರ್ಮಿಗಳಿಗೆ ತರಬೇತಿ ಕೊಟ್ಟು ತನ್ನ ಮಳಿಗೆಗಳಲ್ಲಿ ಅವರ ಸರಕು ಮಾರುತ್ತದೆ. ಮಹಾರಾಷ್ಟ್ರದ ಚರ್ಮ ನಿಗಮ ಲಿಡ್‌ಕಾಮ್ ಜೊತೆಗೂಡಿ ಜಿಐ ಮಾನ್ಯತೆ ಪಡೆದದ್ದೂ ಇದೇ ಸಂಸ್ಥೆ. ಪಕ್ಕದ ಅಥಣಿಯಲ್ಲಿ ಮಹಿಳೆಯರ ಸ್ವಸಹಾಯ ಗುಂಪುಗಳನ್ನೇ ತಳಹದಿ ಮಾಡಿಕೊಂಡು ಕಟ್ಟಿದ ಟೋಹೋಲ್ಡ್ ಕುಶಲಕರ್ಮಿಗಳ ಕೂಟ ಮನೆಯಲ್ಲಿ ಹೆಣೆದ ಜೋಡನ್ನು ಹೊರದೇಶಕ್ಕೆ ಕಳಿಸಿ ತೋರಿಸಿತು.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿ ತೋರಿಸಿ, ಮೂಲದ ಹೆಸರು ಹೇಳದೆ ಹೋಯಿತು. ಇಲ್ಲಿ ಆಕ್ಷೇಪ ಎದ್ದ ಮೇಲೆ ಅದು ಭಾರತದ ಕುಶಲಕರ್ಮಿಗಳ ವಿನ್ಯಾಸದಿಂದ ಬಂದದ್ದೆಂದು ಕಂಪನಿ ಒಪ್ಪಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಲಿಡ್‌ಕಾಮ್ ಮತ್ತು ಲಿಡ್ಕರ್ ಜೊತೆ ಒಪ್ಪಂದವಾಗಿ, ಎರಡೂ ರಾಜ್ಯಗಳಲ್ಲಿ 2,000 ಜೋಡು ಮಾಡಿಸಿ ತಲಾ ಸುಮಾರು 800 ಯೂರೊಗೆ ಮಾರುವ ಯೋಜನೆ ಪ್ರಕಟವಾಯಿತು. ಸಂತಸದ ಸುದ್ದಿ. ಆದರೆ 2,000 ಜೋಡಿನಿಂದ ಎಂಟು ಜಿಲ್ಲೆಗಳ ಒಲೆ ಉರಿಯುವುದಿಲ್ಲ. ದಿನವೂ ಮೆಟ್ಟುವ ಗಿರಾಕಿ ಇದ್ದರೆ ಮಾತ್ರ ಉರಿಯುತ್ತದೆ.

ಕೊಳ್ಳುವವರಿಗೆ

ಅಸಲಿ ಜೋಡನ್ನು ಕೈಯಲ್ಲಿ ಹಿಡಿದರೆ ತೊಗಟೆಯ ಒಗರು ವಾಸನೆ ಬರುತ್ತದೆ. ಅಂಚಿನಲ್ಲಿ ತೊಗಲಿನ ಪದರ ಎಣಿಸಬಹುದು. ಅಟ್ಟೆಯ ಮೇಲೆ ತೊಗಲಿನ ದಾರದ ಹೊಲಿಗೆ ಕಾಣುತ್ತದೆ. ರೆಕ್ಸಿನ್ನಿನ ಹೊಳಪು, ಅಂಟಿನ ನಾತ ಇದ್ದರೆ ಬಿಟ್ಟುಬಿಡಿ. ಹೊಸತರಲ್ಲಿ ನಾಲ್ಕಾರು ದಿನ ಕಾಲು ಕಡಿಯುವುದು ಸಹಜ. ಕೊಬ್ಬರಿ ಎಣ್ಣೆ ಅಥವಾ ಹರಳೆಣ್ಣೆ ತಿಕ್ಕಿ, ಮೊದಲು ಮನೆಯ ಸುತ್ತಮುತ್ತ ಮೆಟ್ಟಿ ಪಳಗಿಸಿ. ತೋಯ್ದರೆ ಬಿಸಿಲಿಗೆ ಇಡದೆ ನೆರಳಲ್ಲಿ ಒಣಗಿಸಿ.

ಪುಷ್ಯ ಮಾಸದಲ್ಲಿ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದಾಗ, ಮದುವೆಗೆ ಇಳಕಲ್ಲಿನಲ್ಲಿ ಸೀರೆ ತೆಗೆಯುವಾಗ, ಒಂದು ಜೋಡು ತೊಗಲಿನ ಚಪ್ಪಲಿಯನ್ನೂ ಕೇಳಿ ನೋಡಿ. ಯಾವ ಊರಿನಲ್ಲಿ, ಯಾರ ಮನೆಯಲ್ಲಿ ಹೊಲಿದದ್ದು ಎಂದು ವಿಚಾರಿಸಿ. ಸಾಧ್ಯವಾದರೆ ಹೊಲಿದವರ ಕೈಯಿಂದಲೇ, ಚೌಕಾಶಿ ಮಾಡದೆ ಕೊಳ್ಳಿ. ಜಿಐ ಮಾನ್ಯತೆ ನಮ್ಮ ಜಿಲ್ಲೆಗೆ ಹೆಸರಿನ ಹಕ್ಕು ಕೊಟ್ಟಿದೆ. ಆ ಹೆಸರಿನ ದುಡ್ಡು ಹೊಲಿಯುವ ಮನೆಗೆ ಮುಟ್ಟುವಂತೆ ಮಾಡುವುದು ನಮ್ಮ ನಿಮ್ಮ ಕೈಯಲ್ಲಿದೆ.