ಬಾಣಲೆಯ ಉಸಿರು

ದಕ್ಷಿಣ ಚೀನದ ಕ್ಯಾಂಟನೀಸ್ ಅಡುಗೆಯವರು ಚೆನ್ನಾಗಿ ಹುರಿದ ನೂಡಲ್ಸಿನ ಪರಿಮಳವನ್ನು ‘ವೊಕ್ ಹೇ’ ಎಂದು ಕರೆಯುತ್ತಾರೆ. ‘ವೊಕ್’ ಎಂದರೆ ದುಂಡುತಳದ ಬಾಣಲೆ, ‘ಹೇ’ ಎಂದರೆ ಉಸಿರು. ಅಂಗಡಿಯಿಂದ ಕಟ್ಟಿಸಿಕೊಂಡು ತಂದ ನೂಡಲ್ಸಿನಲ್ಲಿ ಈ ಉಸಿರು ಇರುತ್ತದೆ. ಅದೇ ಗೋಧಿಯ ಎಳೆ, ಅದೇ ಕೋಸು, ಅದೇ ಸೋಯಾ ಸಾಸ್, ಅದೇ ಮೆಣಸಿನಕಾಯಿ ಬಳಸಿ ಮನೆಯಲ್ಲಿ ಮಾಡಿದುದು ಮಾತ್ರ ಹುರಿಯದೆ, ಬೆಂದು ಮುದ್ದೆಯಾಗಿಬಿಡುತ್ತದೆ. ಅಂಗಡಿಯವನ ಬಳಿ ಯಾವುದೋ ಗುಟ್ಟಿನ ಪುಡಿ ಇರಬೇಕೆಂದು ಹಲವರು ಊಹಿಸುವುದುಂಟು. ಆದರೆ ಮುಖ್ಯವಾದ ಗುಟ್ಟು ಇರುವುದು ಒಲೆಯಲ್ಲಿ. ಅದನ್ನು ಬಿಡಿಸಲು ಪ್ರೌಢಶಾಲೆಯ ಭೌತವಿಜ್ಞಾನವೇ ಸಾಕು.

ಹುರಿದ ಪದಾರ್ಥದ ಕಂದುಬಣ್ಣವೂ ಕಂಪೂ ಬರುವುದು ಹೇಗೆ? ಸಕ್ಕರೆಗಳೂ ಅಮೈನೋ ಆಮ್ಲಗಳೂ ಕಾವಿನಲ್ಲಿ ಪರಸ್ಪರ ವರ್ತಿಸಿ ಕಂದುಬಣ್ಣದ ವಸ್ತುಗಳಾಗುವುದನ್ನು ಫ್ರೆಂಚ್ ವಿಜ್ಞಾನಿ ಲೂಯಿ ಕಾಮೀಯ್ ಮಯ್ಯಾರ್ 1912ರಲ್ಲಿ ವಿವರಿಸಿದನು. ನಮ್ಮ ದೋಸೆ ಕೆಂಪಗಾಗುವುದರಲ್ಲಿಯೂ ಈ ಕ್ರಿಯೆಯದೇ ಪಾತ್ರ. ಇದು ವೇಗವಾಗಿ ನಡೆಯಲು ಸುಮಾರು 140 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಆದರೆ ನೂಡಲ್ಸಿನ ಮೇಲೆ ನೀರಿರುವವರೆಗೂ ಅದರ ಉಷ್ಣತೆ 100 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಒಲೆ ಕೊಡುವ ಉಷ್ಣವೆಲ್ಲ ನೀರನ್ನು ಆವಿ ಮಾಡುವುದಕ್ಕೇ ವ್ಯಯವಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಕುದಿಯುವ 1 ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಗುಪ್ತೋಷ್ಣ ಬೇಕು. ನೂಡಲ್ಸು ಮತ್ತು ತರಕಾರಿಗಳಿಂದ 100 ಗ್ರಾಂ ನೀರು ಹೋಗಬೇಕೆಂದು ಭಾವಿಸಿದರೆ 226 ಕಿಲೋಜೂಲ್ ಬೇಕಾಯಿತು. ಮನೆಯ ಅನಿಲದ ಒಲೆಯ ಒಂದು ಉರಿಯ ಸಾಮರ್ಥ್ಯ ಸುಮಾರು 2.5 ಕಿಲೋವಾಟ್; ಅದರಲ್ಲಿ ಅರ್ಧದಷ್ಟು ಆಹಾರಕ್ಕೆ ಮುಟ್ಟಿತೆಂದರೂ 3 ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ತರಕಾರಿ ಮತ್ತಷ್ಟು ನೀರು ಬಿಟ್ಟಿರುತ್ತದೆ. ಚೀನೀ ಹೋಟೆಲಿನ ದೊಡ್ಡ ಒಲೆಯ ಸಾಮರ್ಥ್ಯ 30 ಕಿಲೋವಾಟ್ ಇರಬಹುದು. ಅದರ ಕಾಲುಭಾಗವಷ್ಟೇ ಉಪಯೋಗವಾದರೂ ಕೆಲಸ 30 ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಒಲೆಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಅದರ ಪಾಲಿಗೆ ಬರುವ ನೀರನ್ನು ಕಡಮೆ ಮಾಡಬಹುದು. ನೂಡಲ್ಸನ್ನು ಪೂರ್ತಿ ಬೇಯುವ ಮೊದಲೇ ಇಳಿಸಿ, ತಣ್ಣೀರಿನಲ್ಲಿ ತೊಳೆದು ಮೇಲಿನ ಪಿಷ್ಟವನ್ನು ಕಳೆದು, ಬಟ್ಟೆಯ ಮೇಲೆ ಹರಡಿ ಆರಿಸಬೇಕು. ಒಂದು ಸಲಕ್ಕೆ ಒಬ್ಬರಿಗಾಗುವಷ್ಟನ್ನು ಮಾತ್ರ ಹುರಿಯಬೇಕು. ತರಕಾರಿಯನ್ನು ಮೊದಲು ಬೇರೆಯಾಗಿ ಹುರಿದು ತೆಗೆದಿಡಬೇಕು. ಉಪ್ಪು ತರಕಾರಿಯ ನೀರನ್ನು ಹೊರಕ್ಕೆಳೆಯುವುದರಿಂದ ಅದೂ ಸಾಸೂ ಕೊನೆಗೆ ಬೀಳಲಿ.

ದಪ್ಪನೆಯ ಕಬ್ಬಿಣದ ಬಾಣಲೆ ಇನ್ನೊಂದು ನೆರವು. 1 ಕಿಲೋಗ್ರಾಂ ಕಬ್ಬಿಣ 250 ಡಿಗ್ರಿಯಿಂದ 100 ಡಿಗ್ರಿಗೆ ಇಳಿಯುವಾಗ ಸುಮಾರು 67 ಕಿಲೋಜೂಲ್ ಉಷ್ಣವನ್ನು ಬಿಟ್ಟುಕೊಡುತ್ತದೆ. 30 ಗ್ರಾಮಿನಷ್ಟು ಕುದಿನೀರನ್ನು ಆವಿ ಮಾಡಲು ಅದು ಸಾಕು. ಆದುದರಿಂದ ಬಾಣಲೆಯನ್ನು ಮೊದಲೇ ಚೆನ್ನಾಗಿ ಕಾಯಿಸಬೇಕು. ಅಂಟದ ಲೇಪನವುಳ್ಳ ಪಾತ್ರೆಯನ್ನು ಮಾತ್ರ ಹೀಗೆ ಬರಿದಾಗಿ ಕಾಯಿಸಬಾರದು, ಲೇಪನ ಕೆಡುತ್ತದೆ.

ಅಂಗಡಿಯವನು ಬಾಣಲೆಯನ್ನು ಎತ್ತಿ ಎತ್ತಿ ಹಾರಿಸುವುದು ಬರಿಯ ಪ್ರದರ್ಶನವಲ್ಲ. ಅಮೆರಿಕದ ಜಾರ್ಜಿಯಾ ತಾಂತ್ರಿಕ ಸಂಸ್ಥೆಯ ಹುಂಗ್‌ಟಾಂಗ್ ಕೋ ಮತ್ತು ಡೇವಿಡ್ ಹೂ ಅನ್ನವನ್ನು ಹುರಿಯುವ ಬಾಣಸಿಗರ ಚಲನೆಯನ್ನು ಅಳೆದು 2020ರಲ್ಲಿ ಪ್ರಕಟಿಸಿದರು. ಅವರು ಬಾಣಲೆಯನ್ನು ಸೆಕೆಂಡಿಗೆ ಸುಮಾರು 3 ಸಲ ಆಡಿಸುತ್ತಾರೆ. ಹಾರಿದ ಆಹಾರ ಗಾಳಿಯಲ್ಲಿ ಕ್ಷಣಕಾಲ ತಣಿಯುವುದರಿಂದ ಪ್ರಚಂಡ ಉರಿಯಲ್ಲಿಯೂ ಸೀಯುವುದಿಲ್ಲ. ಮನೆಯ ಮಂದ ಉರಿಗೆ ಈ ತಣಿಸುವಿಕೆ ಬೇಕಿಲ್ಲ. ಬಾಣಲೆಯನ್ನು ಒಲೆಯ ಮೇಲೆಯೇ ಬಿಟ್ಟು ಎರಡು ಸಟ್ಟುಗಗಳಿಂದ ಮಗುಚುವುದು ಮೇಲು.

ಇನ್ನು ಖಾರ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಅಷ್ಟಾಗಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಎಣ್ಣೆಗೆ ಹಾಕಿದರೆ ಖಾರ ಎಳೆಎಳೆಗೂ ಹರಡುತ್ತದೆ. ಸುಡುವ ಕಾವನ್ನು ತಿಳಿಸುವ ನರಗ್ರಾಹಕವನ್ನೇ ಕ್ಯಾಪ್ಸೈಸಿನ್ ಕೆರಳಿಸುವುದರಿಂದ ಖಾರ ನಮಗೆ ‘ಉರಿ’ಯಾಗಿ ತೋರುತ್ತದೆ. ಈ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಅಂಗಡಿಯಲ್ಲಿ ಬಾಣಲೆಯಿಂದೇಳುವ ಜ್ವಾಲೆಯನ್ನು ಮನೆಯಲ್ಲಿ ಅನುಕರಿಸಬಾರದು. ಎಣ್ಣೆ ಹೊಗೆಯಾಡಿದೊಡನೆ ಉರಿಯನ್ನು ತಗ್ಗಿಸಬೇಕು. ಎಣ್ಣೆಗೇ ಬೆಂಕಿ ಹತ್ತಿಕೊಂಡರೆ ನೀರನ್ನು ಎಂದಿಗೂ ಸುರಿಯಕೂಡದು. ಎಣ್ಣೆಗಿಂತ ಸಾಂದ್ರವಾದ ನೀರು ತಳಕ್ಕಿಳಿದು, ತಟ್ಟನೆ ಆವಿಯಾಗಿ, 1,600 ಪಟ್ಟಿಗೂ ಹೆಚ್ಚಾಗಿ ಹಿಗ್ಗಿ, ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಅನಿಲವನ್ನು ನಿಲ್ಲಿಸಿ, ಬಾಣಲೆಯನ್ನು ಕದಲಿಸದೆ, ಲೋಹದ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಬೇಕು. ಗಾಳಿ ದೊರೆಯದ ಬೆಂಕಿ ತಾನಾಗಿ ಆರುತ್ತದೆ; ಬಾಣಲೆ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳವನ್ನು ತೆಗೆಯಬಾರದು.