ಹಗುರ ಗಾಡಿಗಳ ದೀರ್ಘಾಯುಷ್ಯ: ಬಾರ್ಶಿಯ ಸಣ್ಣ ರೈಲಿನಿಂದ ಕೋಲ್ಕತ್ತಾದ ಟ್ರಾಮಿನವರೆಗೆ

ನಗರದ ಬೀದಿಯಲ್ಲಿ ಇತರ ವಾಹನಗಳ ನಡುವೆಯೇ ಹಳಿಯ ಮೇಲೆ ಸಾಗುವ ಟ್ರಾಮ್ ಹಾಗೂ ಮುಖ್ಯ ರೈಲುಮಾರ್ಗ ಮುಟ್ಟದ ಊರುಗಳಿಗೆಂದು ಕಿರಿದಾದ ಹಳಿ ಹಾಸಿ ಓಡಿಸಿದ ‘ಲೈಟ್ ರೈಲ್ವೆ’, ಅಂದರೆ ಹಗುರ ರೈಲು, ಇವೆರಡರ ಹಿಂದೆಯೂ ಇದ್ದದ್ದು ಒಂದೇ ಲೆಕ್ಕಾಚಾರ. ಗಾಡಿಯ ತೂಕ ಇಳಿದರೆ ತೆಳುವಾದ ಹಳಿಯೂ ತಾಳುತ್ತದೆ, ಸೇತುವೆ ಸಣ್ಣದಾದರೂ ಸಾಕಾಗುತ್ತದೆ, ಇಕ್ಕಟ್ಟಾದ ತಿರುವನ್ನೂ ದಾಟಬಹುದು, ಒಟ್ಟು ಖರ್ಚು ಸಣ್ಣ ಊರಿನ ವ್ಯಾಪಾರಕ್ಕೆ ಎಟಕುವಷ್ಟಕ್ಕೆ ಬರುತ್ತದೆ. ಹೀಗೆ ಅಗ್ಗವಾಗಿ ಕಟ್ಟಿದ ವ್ಯವಸ್ಥೆಗಳು ಎಷ್ಟು ದೀರ್ಘಕಾಲ ದುಡಿಯಬಲ್ಲವು ಎಂಬುದಕ್ಕೆ ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಲೈಟ್ ರೈಲ್ವೆಗಿಂತ ಒಳ್ಳೆಯ ಉದಾಹರಣೆ ಕನ್ನಡ ಓದುಗರಿಗೆ ಇಷ್ಟು ಸಮೀಪದಲ್ಲಿ ದೊರೆಯುವುದು ಕಷ್ಟ.

ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮುಂಬಯಿ ಮಾರ್ಗವು 1860ರಲ್ಲಿ ಸೊಲ್ಲಾಪುರವನ್ನೂ 1871ರಲ್ಲಿ ರಾಯಚೂರನ್ನೂ ತಲುಪಿತಾದರೂ ದಾರಿಯ ಅಕ್ಕಪಕ್ಕದ ಹಲವು ಪೇಟೆಗಳು ಅದರಿಂದ ದೂರವೇ ಉಳಿದವು. ಅಕ್ಕಲಕೋಟೆಗೆ ಹೋಗುವವರು ಇಂದಿಗೂ ಸುಮಾರು 11 ಕಿ.ಮೀ. ಆಚೆಗಿರುವ ಅಕ್ಕಲಕೋಟೆ ರೋಡ್ ನಿಲ್ದಾಣದಲ್ಲಿ ಇಳಿದು ರಸ್ತೆ ಹಿಡಿಯಬೇಕು. ಧಾನ್ಯ ಮತ್ತು ಹತ್ತಿಯ ದೊಡ್ಡ ಪೇಟೆಯಾಗಿದ್ದ ಬಾರ್ಶಿಯ ಸ್ಥಿತಿ ಇನ್ನೂ ಕಠಿಣವಾಗಿತ್ತು. ಆಗ ಬಾರ್ಶಿ ರೋಡ್ ಎಂದು ಕರೆಯಲಾಗುತ್ತಿದ್ದ ಕುರ್ಡುವಾಡಿ ನಿಲ್ದಾಣಕ್ಕೂ ಪೇಟೆಗೂ ನಡುವೆ ಸುಮಾರು 35 ಕಿ.ಮೀ. ಅಂತರವಿದ್ದು, ಸರಕೆಲ್ಲ ಎತ್ತಿನ ಗಾಡಿಗಳಲ್ಲೇ ಸಾಗಬೇಕಿತ್ತು.

ಆ ಅಂತರವನ್ನು ತುಂಬಿದವನು ಇದೇ ರೈಲ್ವೆಯಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್ ಎವರಾರ್ಡ್ ಕ್ಯಾಲ್‌ಥ್ರಾಪ್. 1895ರಲ್ಲಿ ಕಂಪನಿ ಸ್ಥಾಪನೆಯಾಗಿ 1897ರಲ್ಲಿ ಎರಡೂವರೆ ಅಡಿ ಅಗಲದ, ಅಂದರೆ 762 ಮಿ.ಮೀ. ಗೇಜಿನ ಮಾರ್ಗ ತೆರೆಯಿತು. ಆತನ ಜಾಣ್ಮೆ ಇದ್ದದ್ದು ಗೇಜಿನಲ್ಲಲ್ಲ, ತೂಕದ ಹಂಚಿಕೆಯಲ್ಲಿ. ಒಂದು ಅಚ್ಚು ಹಳಿಯ ಮೇಲೆ ಹೇರುವ ಭಾರಕ್ಕೆ ಅಚ್ಚಿನ ಭಾರ ಎನ್ನುತ್ತಾರೆ. ಎಂಜಿನ್ ಇರಲಿ, ತುಂಬಿದ ವ್ಯಾಗನ್ ಇರಲಿ, ಯಾವ ಅಚ್ಚಿನ ಭಾರವೂ 5 ಟನ್ನನ್ನು ಮೀರಕೂಡದೆಂದು ಆತ ನಿಯಮ ಹಾಕಿಕೊಂಡ. ಇದರಿಂದ ಮೀಟರಿಗೆ ಸುಮಾರು 15 ಕೆ.ಜಿ. ತೂಗುವ ತೆಳು ಹಳಿಯೇ ಸಾಕಾಯಿತು. ಇಂದಿನ ಬ್ರಾಡ್‌ಗೇಜಿನಲ್ಲಿ 60 ಕೆ.ಜಿ. ಹಳಿ ಬಳಕೆಯಲ್ಲಿದೆ ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಲೀಡ್ಸ್ ನಗರದ ಕಿಟ್ಸನ್ ಕಂಪನಿ ಕಟ್ಟಿದ ಎಂಜಿನ್ನುಗಳಲ್ಲಿ ಒಂದಕ್ಕೊಂದು ಜೋಡಿಸಿದ ಎಂಟು ಚಾಲಕ ಗಾಲಿಗಳಿದ್ದು, ಹಿಂದೆ ಇನ್ನೂ ನಾಲ್ಕು ಗಾಲಿಗಳು ಭಾರ ಹೊರುತ್ತಿದ್ದವು. ವ್ಯಾಗನ್ನುಗಳ ತಳದ ಚೌಕಟ್ಟನ್ನು ಉಕ್ಕಿನ ಹಾಳೆಯನ್ನು ಅಚ್ಚಿನಲ್ಲಿ ಒತ್ತಿ ರೂಪಿಸಿದ್ದರಿಂದ ಖಾಲಿ ಗಾಡಿಯ ತೂಕ ಇಳಿದು, ಆ ಉಳಿತಾಯವೆಲ್ಲ ಬಾಡಿಗೆ ತರುವ ಸರಕಿನ ಪಾಲಾಯಿತು. ಭಾರತಕ್ಕೆ ಕಳಿಸುವ ಮೊದಲು ಈ ಗಾಡಿಗಳನ್ನು ಲೀಡ್ಸ್ ಬಳಿಯ ನ್ಯೂಲೇ ಎಂಬಲ್ಲಿ ಓಡಿಸಿ ಪರೀಕ್ಷಿಸಲಾಗಿತ್ತು.

ಮಾರ್ಗ ಮುಂದೆ ಪಂಢರಪುರಕ್ಕೂ ಲಾತೂರಿಗೂ ಚಾಚಿ, 1927ರಲ್ಲಿ ಮಿರಜ ಮುಟ್ಟಿ, ಸುಮಾರು 325 ಕಿ.ಮೀ. ಉದ್ದವಾಯಿತು. ಆಷಾಢ ಮತ್ತು ಕಾರ್ತಿಕ ಏಕಾದಶಿಗೆ ವಿಠ್ಠಲನ ದರ್ಶನಕ್ಕೆ ಹೊರಟ ಯಾತ್ರಿಕರಿಗೆ, ಅವರಲ್ಲಿ ಕನ್ನಡ ನಾಡಿನ ವಾರಕರಿಗಳಿಗೂ, ಈ ಸಣ್ಣ ರೈಲೇ ಆಧಾರ. 1954ರಲ್ಲಿ ಸರ್ಕಾರ ಕಂಪನಿಯನ್ನು ಕೊಂಡಿತು. ಹೊಸ ಶತಮಾನದ ಮೊದಲ ದಶಕದಲ್ಲಿ ಹಳಿಯನ್ನು ಹಂತಹಂತವಾಗಿ ಬ್ರಾಡ್‌ಗೇಜಿಗೆ ಬದಲಿಸಲಾಯಿತು. ಲಾತೂರಿನಿಂದ ಗಾಡಿ ಬದಲಿಸದೆ ನೇರವಾಗಿ ಮುಂಬಯಿಗೆ ಹೋಗುವ ಅನುಕೂಲದ ಮುಂದೆ ಈ ಬದಲಾವಣೆಯನ್ನು ತಪ್ಪೆನ್ನಲಾಗದು; ಆದರೆ ಒಂದು ತುಂಡು ಮಾರ್ಗವನ್ನಾದರೂ ಹಾಗೆಯೇ ಉಳಿಸಿಕೊಳ್ಳದೆ ಹೋದದ್ದು ನಿಜಕ್ಕೂ ದೊಡ್ಡ ನಷ್ಟ.

ನಷ್ಟವೆನ್ನಲು ಕಾರಣ, ಹಳೆಯ ಗಾಡಿಯನ್ನು ಬದುಕಿಸುವ ವಿದ್ಯೆ ದಿನನಿತ್ಯದ ಓಡಾಟದಿಂದಲೇ ಉಳಿಯುವಂಥದ್ದು. ಗಾಲಿಯ ಸುತ್ತಲಿನ ಉಕ್ಕಿನ ಪಟ್ಟಿ ಸವೆದಾಗ ಅದನ್ನು ಲೇತ್ ಯಂತ್ರದಲ್ಲಿ ಕಡೆದು ಮತ್ತೆ ಆಕಾರಕ್ಕೆ ತರುತ್ತಾರೆ. ತೀರ ತೆಳುವಾದರೆ ಹೊಸ ಪಟ್ಟಿಯನ್ನು ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ತಣಿದು ಕುಗ್ಗಿ ಬಿಗಿಯುವಂತೆ ಮಾಡುತ್ತಾರೆ. ಹಳ್ಳಿಯ ಕಮ್ಮಾರ ಚಕ್ಕಡಿಯ ಗಾಲಿಗೆ ಪಟ್ಟಿ ಕೂಡಿಸುತ್ತಿದ್ದ ಕ್ರಮವೂ ಇದೇ. ಎಷ್ಟು ಕಾಯಿಸಬೇಕೆಂಬ ಅಂದಾಜು ಪುಸ್ತಕಕ್ಕಿಂತ ಹೆಚ್ಚಾಗಿ ಕೈಯಿಂದ ಕೈಗೆ ಬರುತ್ತದೆ. ಕುರ್ಡುವಾಡಿಯ ಕಾರ್ಯಾಗಾರದಲ್ಲಿ ಬೆಳೆದ ಇಂಥ ಕೌಶಲ ಬಾರ್ಶಿ ಮಾರ್ಗಕ್ಕಷ್ಟೇ ಮೀಸಲಾಗಿರಲಿಲ್ಲ. 1907ರಲ್ಲಿ ಆರಂಭವಾಗಿ ಇಂದಿಗೂ ಓಡುತ್ತಿರುವ ನೇರಳ–ಮಾಥೇರಾನ್ ಬೆಟ್ಟದ ರೈಲಿನ ಗಾಡಿಗಳ ದುರಸ್ತಿಗೂ ಅದು ಒದಗಿದೆ.

ಟ್ರಾಮಿನಲ್ಲಿ ಇದರ ಜೊತೆಗೆ ವಿದ್ಯುತ್ತಿನ ಕೆಲಸವೂ ಸೇರುತ್ತದೆ. ಹಳೆಯ ಟ್ರಾಮಿನ ಚಾಲಕ ಹಿಡಿಯನ್ನು ಒಂದೊಂದೇ ಹಂತ ತಿರುಗಿಸಿದಂತೆ, ಮೋಟಾರಿಗೆ ಹೋಗುವ ವಿದ್ಯುತ್ತನ್ನು ತಡೆಯುತ್ತಿದ್ದ ರೋಧಕಗಳು ಒಂದೊಂದಾಗಿ ಕಳಚಿ ವೇಗ ಏರುತ್ತದೆ. ಪ್ರತಿ ಹಂತಕ್ಕೂ ಗಾಡಿ ಮೆಲ್ಲಗೆ ಮುಂದಕ್ಕೆ ಜಗ್ಗುವುದು ಕುಳಿತವರಿಗೆ ಅರಿವಾಗುತ್ತದೆ. ಈ ಭಾಗಗಳೆಲ್ಲ ಕಣ್ಣಿಗೆ ಕಾಣುವಂಥವು, ಬಿಚ್ಚಿ ಜೋಡಿಸಬಹುದಾದಂಥವು. ಇಂಗಾಲದ ಬ್ರಷ್ ಸವೆದರೆ ಬದಲಿಸಬಹುದು, ಮೋಟಾರಿನ ಸುರುಳಿ ಸುಟ್ಟರೆ ಹೊಸ ತಂತಿ ಸುತ್ತಬಹುದು. ಬಿಡಿಭಾಗ ಮಾಡುವ ಕಂಪನಿ ಮುಚ್ಚಿದರೂ ಕಾರ್ಯಾಗಾರವೇ ಅದನ್ನು ತಯಾರಿಸಿಕೊಳ್ಳಬಲ್ಲದು. ಇಟಲಿಯ ಮಿಲಾನ್ ನಗರದಲ್ಲಿ 1928ರಿಂದ 1930ರ ನಡುವೆ ಕಟ್ಟಿದ ನೂರಕ್ಕೂ ಹೆಚ್ಚು ಟ್ರಾಮುಗಳು ಪ್ರವಾಸಿಗರ ಪ್ರದರ್ಶನಕ್ಕಲ್ಲದೆ ಸಾಮಾನ್ಯ ಪ್ರಯಾಣಿಕರಿಗಾಗಿಯೇ ಓಡುತ್ತಿರುವುದರ ಹಿಂದಿನ ಗುಟ್ಟು ಇದು. ಪೋರ್ಚುಗಲ್ಲಿನ ಲಿಸ್ಬನ್ ಬೇರೆ ದಾರಿ ಹಿಡಿದು, 1990ರ ದಶಕದಲ್ಲಿ ತನ್ನ ಹಳೆಯ ಟ್ರಾಮುಗಳ ಒಡಲನ್ನು ಉಳಿಸಿಕೊಂಡು ಕೆಳಗಿನ ಮೋಟಾರು, ಬ್ರೇಕುಗಳನ್ನು ಹೊಸದಾಗಿ ಕೂಡಿಸಿತು.

ಭಾರತದಲ್ಲಿ ಈ ವಿದ್ಯೆ ಉಳಿದಿರುವ ಊರು ಕೋಲ್ಕತ್ತಾ. ಮುಂಬಯಿ 1964ರಲ್ಲಿ ಟ್ರಾಮನ್ನು ನಿಲ್ಲಿಸಿತು. ಕೋಲ್ಕತ್ತಾದಲ್ಲಿ 1902ರಿಂದ ವಿದ್ಯುತ್ ಟ್ರಾಮ್ ಓಡುತ್ತ ಬಂದಿದ್ದು, ಅಲ್ಲಿಯ ನೋನಾಪುಕುರ ಕಾರ್ಯಾಗಾರ ಹಳೆಯ ತಳದ ಮೇಲೆ ಹೊಸ ಒಡಲು ಕಟ್ಟುವಷ್ಟು ಸಮರ್ಥವಾಗಿದೆ. ಆದರೆ 2024ರ ಸೆಪ್ಟೆಂಬರಿನಲ್ಲಿ ಪಶ್ಚಿಮ ಬಂಗಾಳ ಸರ್ಕಾರವು ಎಸ್ಪ್ಲನೇಡ್–ಮೈದಾನ ನಡುವಿನ ಪಾರಂಪರಿಕ ಓಡಾಟವೊಂದನ್ನು ಬಿಟ್ಟು ಉಳಿದೆಲ್ಲ ಮಾರ್ಗಗಳನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಮೈದಾನದ ಅಂಚಿನ ಆ ತುಂಡು ಹಳಿಗೆ ನಾಲ್ಕಾರು ಗಾಡಿಗಳಿದ್ದರೆ ಸಾಕು. ನಾಲ್ಕಾರು ಗಾಡಿಗಳಿಗಾಗಿ ಯಾವ ಆಡಳಿತವೂ ಪೂರ್ಣ ಪ್ರಮಾಣದ ಕಾರ್ಯಾಗಾರವನ್ನೂ ನುರಿತ ಕೆಲಸಗಾರರನ್ನೂ ಹೆಚ್ಚು ಕಾಲ ಇಟ್ಟುಕೊಳ್ಳಲಾರದು. ಆದ್ದರಿಂದ ಟ್ರಾಮುಗಳನ್ನು ಉಳಿಸಬೇಕೆನ್ನುವವರು ಪಾರಂಪರಿಕ ಸವಾರಿಗೆ ತೃಪ್ತರಾಗದೆ, ಆಫೀಸಿಗೂ ಶಾಲೆಗೂ ಹೋಗುವ ಜನ ಹತ್ತುವಂಥ ಮಾರ್ಗಗಳೇ ಬೇಕೆಂದು ಕೇಳುತ್ತಿರುವುದು ಸರಿಯಾಗಿಯೇ ಇದೆ.